ಬಂದವರಿಗೆ ಬಾಗಿಲು ಕಾಣಬೇಕು

ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು 'ಆವೋ, ಬೈಠೋ' ಎನ್ನುತ್ತೇವೆ. ಪಕ್ಕದ ಓಣಿಯಲ್ಲಿ 'ಬರ್ರಿ, ಕೂತ್ಕಳ್ರಿ' ಎನ್ನುತ್ತಾರೆ. ಎರಡೂ ಕಡೆ ಬಂದವರ ಕೈಗೆ ಒಂದು ಲೋಟ ನೀರು ಕೊಟ್ಟ ಮೇಲೆಯೇ ಯಾರು, ಯಾವ ಊರು, ಏನು ಕೆಲಸ ಎಂಬ ವಿಚಾರಣೆ. ಹೊಸ್ತಿಲಲ್ಲೇ ನಿಲ್ಲಿಸಿ ಹೆಸರು, ತಂದೆಯ ಹೆಸರು, ಫೋನ್ ನಂಬರು ಬರೆಸಿಕೊಂಡು, 'ನೀನು ಮನುಷ್ಯನೇ ಹೌದೆಂದು ಮೊದಲು ಸಾಬೀತು ಮಾಡು' ಎಂದು ಕೇಳುವ ಮನೆಯನ್ನು ನಾವಂತೂ ಕಂಡಿಲ್ಲ. ಆದರೆ ಅಂತರ್ಜಾಲದಲ್ಲಿ ಅಂಥ ಮನೆಗಳಿಗೆ ಬರವಿಲ್ಲ. ಒಳಗೆ ಹೋದರೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ. ಗೋಡೆಯ ತುಂಬ ಯಜಮಾನರ ಫೋಟೋಗಳು ಮಾತ್ರ.

ಜಾಲತಾಣಕ್ಕೆ ಹೋಗುವವರನ್ನು ಇಂಗ್ಲಿಷಿನಲ್ಲಿ ವಿಸಿಟರ್ ಎನ್ನುತ್ತಾರೆ. ಉರ್ದುವಿನಲ್ಲಿ ಹೇಳುವುದಾದರೆ ಮೆಹಮಾನ್. ಕತೆ ಬರೆದುಕೊಂಡಿರುವ ನಮಗೂ ಈ ಕಂಪ್ಯೂಟರಿನ ಮೆಹಮಾನ್‌ನವಾಜಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇಲ್ಲದೆ ಇಲ್ಲ. ಓದುವವನು ಮುಂದಿನ ಪುಟ ತಿರುಗಿಸುತ್ತಾನೋ, ಪತ್ರಿಕೆ ಮಡಚಿ ಪಕ್ಕಕ್ಕಿಡುತ್ತಾನೋ ಎಂಬ ಅಂಜಿಕೆ ಬರೆಯುವವರಿಗೆ ಯಾವಾಗಲೂ ಇರುತ್ತದೆ. ಆ ಅಂಜಿಕೆ ಜಾಲತಾಣ ಮಾಡುವವರಿಗೂ ಇರಬೇಕಾಗಿತ್ತು ಎಂಬುದು ಕಳೆದ ವರ್ಷ ನಮಗೆ ಹತ್ತಿರದಿಂದ ತಿಳಿಯಿತು.

ನಮ್ಮೂರಿನ ಹಳೆಯ ಮೊಹಲ್ಲಾದಲ್ಲಿ ಒಂದು ಸಣ್ಣ ವಾಚನಾಲಯವಿದೆ. ಕೆಳಗೆ ಅಂಗಡಿ ಮಳಿಗೆಗಳು, ಮೇಲೆ ಎರಡು ಕೋಣೆ. ಒಂದು ಬೀರುವಿನಲ್ಲಿ ಉರ್ದು ಪುಸ್ತಕಗಳು, ಮೂರು ಬೀರುಗಳಲ್ಲಿ ಕನ್ನಡದವು. ಮೆಟ್ಟಿಲಿನ ಪಕ್ಕದಲ್ಲಿ ಒಂದು ನೋಟೀಸ್ ಬೋರ್ಡು. ವಿದ್ಯಾರ್ಥಿವೇತನದ ಕೊನೆಯ ತಾರೀಖು, ಹಾಸ್ಟೆಲ್ ಪ್ರವೇಶ, ಹೊಲಿಗೆ ತರಬೇತಿ, ಉಚಿತ ಕಣ್ಣಿನ ತಪಾಸಣೆ ಎಲ್ಲವೂ ಆ ಬೋರ್ಡಿನ ಮೇಲೆ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಸಂಜೆ ಹೊತ್ತು ಮೆಟ್ಟಿಲ ಮೇಲೆ ಗಂಡಸರೇ ಕುಳಿತಿರುತ್ತಾರೆ. ಅವರನ್ನು ದಾಟಿ ಮೇಲೆ ಹೋಗಿ ಬೋರ್ಡು ಓದಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಬೋರ್ಡಿನ ಮೇಲಿರುವುದು ಅವರ ಕೈಯಲ್ಲಿರುವ ಮೊಬೈಲಿನಲ್ಲೇ ಸಿಗುವಂತಾದರೆ ಒಳ್ಳೆಯದಲ್ಲವೇ ಎಂದು ಕಮಿಟಿಯವರು ಜಾಲತಾಣ ಮಾಡಿಸಲು ತೀರ್ಮಾನಿಸಿದರು. ಬಿ.ಸಿ.ಎ. ಓದಿರುವ ನಮ್ಮ ಅಕ್ಕನ ಮಗ ಹಣವಿಲ್ಲದೆ ಮಾಡಿಕೊಡಲು ಒಪ್ಪಿದ. ಕನ್ನಡ ಮತ್ತು ಉರ್ದು ಬರಹವನ್ನು ತಿದ್ದಿಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ಉರ್ದು ಪ್ರಾಥಮಿಕ ಶಾಲೆಯಲ್ಲಿ ಕಲಿತು ಕನ್ನಡ ಹೈಸ್ಕೂಲಿಗೆ ಹೋದವರಿಗೆ ಇಂಥ ಕೆಲಸಗಳು ಬರುತ್ತಲೇ ಇರುತ್ತವೆ.

ಒಂದು ತಿಂಗಳಲ್ಲಿ ತಾಣ ತಯಾರಾಯಿತು. ಕಮಿಟಿಯ ಸಭೆಯಲ್ಲಿ ಚಹಾ, ಸಮೋಸದ ಜೊತೆಗೆ ಅದರ ಪ್ರದರ್ಶನವೂ ನಡೆಯಿತು. ತೆರೆಯುತ್ತಿದ್ದಂತೆಯೇ ಅಧ್ಯಕ್ಷರ ದೊಡ್ಡ ಫೋಟೋ, ಅದು ಜರುಗಿದರೆ ಕಾರ್ಯದರ್ಶಿಗಳದು, ಅದು ಜರುಗಿದರೆ ಕಟ್ಟಡದ ಉದ್ಘಾಟನೆಯದು. ಮೇಲೆ ಕೆಂಪು ಅಕ್ಷರಗಳು ರೈಲಿನಂತೆ ಓಡುತ್ತಿದ್ದವು. ಹಸಿರು ಹಿನ್ನೆಲೆಯ ಮೇಲೆ ಹಳದಿ ಬರಹ. 'ನಮ್ಮ ಧ್ಯೇಯೋದ್ದೇಶಗಳು', 'ಅಧ್ಯಕ್ಷರ ನುಡಿ', 'ಗ್ಯಾಲರಿ' ಎಂಬ ಗುಂಡಿಗಳು. ಎಲ್ಲರೂ ಮಾಷಾ ಅಲ್ಲಾಹ್ ಎಂದರು. ಹುಡುಗನ ಬೆನ್ನು ತಟ್ಟಿದರು. ವಿದ್ಯಾರ್ಥಿವೇತನದ ತಾರೀಖು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಅವರಿಗಿರಲಿಲ್ಲ, ಏಕೆಂದರೆ ಅವರಾರೂ ಅದನ್ನು ಹುಡುಕಿಕೊಂಡು ಬಂದವರಲ್ಲ. ಅವರೆಲ್ಲ ಮನೆಯವರು. ಮನೆಯವರಿಗೆ ಅಡುಗೆಮನೆ ಎಲ್ಲಿದೆಯೆಂದು ಹೇಳಿಕೊಡಬೇಕಿಲ್ಲ.

ಈ ಮಾತನ್ನು ನಮಗಿಂತ ಮೊದಲು ಹೇಳಿದವರಿದ್ದಾರೆ. ಅಮೆರಿಕದ ಸ್ಟೀವ್ ಕ್ರೂಗ್ ಎಂಬವರು 2000ದಲ್ಲಿ 'ಡೋಂಟ್ ಮೇಕ್ ಮಿ ಥಿಂಕ್' ಎಂಬ ಪುಸ್ತಕ ಬರೆದರು. ಬಂದವರನ್ನು ಯೋಚನೆಗೆ ಹಚ್ಚಬೇಡಿ, ನೋಡಿದ ಕೂಡಲೇ ತಿಳಿಯಬೇಕು ಎಂಬುದು ಅದರ ಸಾರ. ಡೆನ್ಮಾರ್ಕಿನಲ್ಲಿ ಹುಟ್ಟಿದ ಯಾಕೋಬ್ ನೀಲ್ಸನ್ ಅದೇ ವರ್ಷ ಇನ್ನೊಂದು ಮಾತು ಹೇಳಿದರು. ಒಂದು ತಾಣದ ತೊಡಕುಗಳನ್ನು ತಿಳಿಯಲು ನೂರಾರು ಜನರ ಸಮೀಕ್ಷೆ ಬೇಕಿಲ್ಲ. ಐದು ಜನರನ್ನು ಕೂರಿಸಿ, ಅವರು ಬಳಸುವುದನ್ನು ಸುಮ್ಮನೆ ನೋಡಿದರೆ ಹೆಚ್ಚಿನ ತೊಡಕುಗಳು ಹೊರಬೀಳುತ್ತವೆ. ಆ ಐದರಲ್ಲಿ ಕಂಡದ್ದನ್ನು ತಿದ್ದಿ ಮತ್ತೆ ಐದು ಜನರನ್ನು ಕೂರಿಸಬೇಕು. ನೋಡುವವರು ಬಾಯಿ ಬಿಡಬಾರದು, 'ಅಲ್ಲಿ ಒತ್ತಿ, ಇಲ್ಲಿ ಒತ್ತಿ' ಎನ್ನಬಾರದು. ಇದೇ ಇದರಲ್ಲಿರುವ ಕಷ್ಟ. ನಮ್ಮ ಜನಕ್ಕೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಬೇರೊಂದಿಲ್ಲ.

ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನ ಮುಖ ಸಪ್ಪಗಾಯಿತು. 'ಎಲ್ಲರೂ ಚೆನ್ನಾಗಿದೆ ಅಂದ್ರಲ್ಲ ಮಾಮೂ' ಎಂದ. 'ಚೆನ್ನಾಗಿದೆ ಅಂದವರು ಮನೆಯವರು, ಮೆಹಮಾನರನ್ನು ಕೇಳೋಣ' ಎಂದೆವು. ಒಂದು ಭಾನುವಾರ ಐದು ಜನರನ್ನು ಒಬ್ಬೊಬ್ಬರಾಗಿ ಕರೆದೆವು. ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ನಮ್ಮ ಖಾಲಾ. ಎರಡನೇ ಪಿಯುಸಿ ಓದುವ ಒಬ್ಬಳು ಹುಡುಗಿ. ಬೇಕರಿಯಲ್ಲಿ ಕೆಲಸ ಮಾಡುತ್ತ ಮಗನನ್ನು ಓದಿಸುತ್ತಿರುವ ಒಬ್ಬ ತಂದೆ. ದಿನಾ ಸಂಜೆ ಕನ್ನಡ ಕಾದಂಬರಿ ಬದಲಿಸಲು ಬರುವ ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತರು. ಅವರನ್ನು ಊರೆಲ್ಲ ಗೌಡ್ರು ಎಂದೇ ಕರೆಯುತ್ತದೆ. ಐದನೆಯವರು ಕಣ್ಣು ಕಾಣದ ಒಬ್ಬ ಯುವ ಹಾಫಿಜ್. ಕುರ್‌ಆನನ್ನು ಕೇಳಿ ಕೇಳಿಯೇ ಕಂಠಪಾಠ ಮಾಡಿದವರು, ಈಗ ಬಿ.ಎ. ಓದುತ್ತಿದ್ದಾರೆ. ಎಲ್ಲರಿಗೂ ಕೊಟ್ಟ ಕೆಲಸ ಒಂದೇ: ಈ ವರ್ಷದ ವಿದ್ಯಾರ್ಥಿವೇತನದ ಕೊನೆಯ ತಾರೀಖು ಯಾವುದು, ಯಾವ ಯಾವ ಕಾಗದ ಬೇಕು ಎಂದು ಹುಡುಕಿ ಹೇಳಬೇಕು.

ಖಾಲಾ ಕನ್ನಡಕ ಏರಿಸಿ ನೋಡಿದರು. ಹಸಿರಿನ ಮೇಲೆ ಹಳದಿ ಅಕ್ಷರಗಳು ಅವರಿಗೆ ಕಾಣಲೇ ಇಲ್ಲ. ಬೇಕರಿಯ ತಂದೆ ಓಡುವ ಕೆಂಪು ಅಕ್ಷರಗಳನ್ನು ಹಿಡಿಯಲು ನೋಡಿದರು. ಒಂದು ಪದ ಕೂಡಿಸಿ ಓದುವಷ್ಟರಲ್ಲಿ ಸಾಲು ಹೋಗಿಬಿಡುತ್ತಿತ್ತು. 'ನಮ್ಮಂಥವರಿಗೆ ಇದು ನಿಂತ್ಕಬೇಕು ಸ್ವಾಮಿ' ಎಂದರು. ಹುಡುಗಿಯ ಮೊಬೈಲಿನಲ್ಲಿ ಅಧ್ಯಕ್ಷರ ಫೋಟೋ ಬರಲಿಕ್ಕೇ ಬಹಳ ಹೊತ್ತು ಹಿಡಿಯಿತು. ಅವಳು ಬೆರಳಾಡಿಸುತ್ತ ಕಾದಳು, ಆಮೇಲೆ ನಮ್ಮ ಮುಖ ನೋಡಿದಳು. ಗೌಡ್ರು 'ಧ್ಯೇಯೋದ್ದೇಶಗಳು' ಎಂಬುದರ ಒಳಹೊಕ್ಕು ಪೂರ್ತಿ ಓದಿ ಹೊರಬಂದು, 'ಇದರಾಗೆ ಏನೂ ಇಲ್ಲ ಸಾಹೇಬ್ರೆ' ಎಂದು ನಕ್ಕರು. ಆ ಮಾಹಿತಿ ಗ್ಯಾಲರಿಯಲ್ಲಿತ್ತು. ಬೋರ್ಡಿಗೆ ಅಂಟಿಸಿದ ಕಾಗದದ ಫೋಟೋ ತೆಗೆದು, ಉದ್ಘಾಟನೆಯ ಫೋಟೋಗಳ ಜೊತೆಗೇ ಹಾಕಲಾಗಿತ್ತು.

ಹಾಫಿಜರ ಸರದಿ ಬಂತು. ಅವರ ಮೊಬೈಲು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಬೆರಳು ಎಲ್ಲಿ ಹೋಗುತ್ತದೋ ಅಲ್ಲಿಯ ಮಾತು ಕಿವಿಗೆ ಬರುತ್ತದೆ. ಗ್ಯಾಲರಿಗೆ ಹೋದಾಗ ಅದು 'ಚಿತ್ರ' ಎಂದಿತು. ಮುಂದೆ ಹೋದರು, 'ಚಿತ್ರ'. ಮತ್ತೆ 'ಚಿತ್ರ'. ಹನ್ನೊಂದು ಸಲ ಹಾಗೆ ಕೇಳಿಸಿತು. ಅವುಗಳಲ್ಲಿ ಒಂದರಲ್ಲಿ ತಾರೀಖು ಇತ್ತು. ಹಾಫಿಜರು ಮೊಬೈಲನ್ನು ಮೇಜಿನ ಮೇಲಿಟ್ಟು, ಸಿಟ್ಟಿಲ್ಲದೆ ಹೇಳಿದರು: 'ಹೋದ ವರ್ಷ ಪರೀಕ್ಷೆಯ ಶುಲ್ಕದ ಕೊನೆಯ ತಾರೀಖು ತಪ್ಪಿದ್ದೂ ಹೀಗೇ. ಅಲ್ಲಿಯೂ ಸುತ್ತೋಲೆಯ ಫೋಟೋ ಹಾಕಿದ್ದರು. ನಾನು ದಿನಾ ಆ ತಾಣ ನೋಡುತ್ತಿದ್ದೆ. ದಿನಾ ಚಿತ್ರ ಅನ್ನುತ್ತಿತ್ತು. ಯಾರದೋ ಸನ್ಮಾನದ ಚಿತ್ರ ಇರಬೇಕು ಅಂದುಕೊಂಡೆ.' ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಒಬ್ಬ ವಿದ್ಯಾರ್ಥಿಯ ಆರು ತಿಂಗಳು ಹೋದದ್ದು ಯಾರ ಕೆಟ್ಟತನದಿಂದಲೂ ಅಲ್ಲ, ಕಾಗದವನ್ನು ಟೈಪು ಮಾಡುವ ಹತ್ತು ನಿಮಿಷ ಉಳಿಸಿದ್ದರಿಂದ. ಅಕ್ಕನ ಮಗ ಆ ಸಂಜೆ ಏನೂ ಮಾತಾಡಲಿಲ್ಲ. ರಾತ್ರಿ ಕುಳಿತು ಗ್ಯಾಲರಿಯನ್ನು ಅಳಿಸಿಹಾಕಿದ.

ಬರಹವನ್ನು ಚಿತ್ರ ಮಾಡಿ ಹಾಕುವ ಈ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ. ಅದರಲ್ಲಿ ನಮ್ಮ ಎರಡೂ ಭಾಷೆಗಳಿಗೆ ಪಾಲಿದೆ. ಉರ್ದು ಬರೆಯುವ ನಸ್ತಾಲಿಕ್ ಲಿಪಿಯಲ್ಲಿ ಅಕ್ಷರಗಳು ಒಂದಕ್ಕೊಂದು ಹೊಂದಿಕೊಂಡು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತವೆ. ಅಕ್ಕಪಕ್ಕದ ಅಕ್ಷರಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಇದನ್ನು ಅಚ್ಚಿನ ಮೊಳೆಯಲ್ಲಿ ತರುವುದು ಆಗದ ಮಾತಾಗಿ, ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಬರಹದಲ್ಲೇ ಬಂದವು. ಮಿರ್ಜಾ ಅಹ್ಮದ್ ಜಮೀಲ್ ಎಂಬ ಕಲಾವಿದರು ಕೂಡಿಕೊಂಡಿರುವ ಸಾವಿರಾರು ಅಕ್ಷರರೂಪಗಳನ್ನು ಬರೆದು ಸಿದ್ಧಪಡಿಸಿದ ನೂರಿ ನಸ್ತಾಲಿಕ್ 1981ರಲ್ಲಿ ಪಾಕಿಸ್ತಾನದ 'ಜಂಗ್' ಪತ್ರಿಕೆಯಲ್ಲಿ ಬಳಕೆಗೆ ಬಂತು. ಆಮೇಲೆ ಇನ್‌ಪೇಜ್ ತಂತ್ರಾಂಶ ಬಂದು ಉರ್ದು ಮುದ್ರಣ ಸುಲಭವಾಯಿತು. ಆದರೆ ಅದು ಕಾಗದಕ್ಕೆ. ಅಂತರ್ಜಾಲದ ಕಾಲ ಬಂದಾಗ ಅನೇಕ ಉರ್ದು ಪತ್ರಿಕೆಗಳು ಪುಟಗಳನ್ನು ಚಿತ್ರಗಳಾಗಿಯೇ ಹಾಕಿದವು. ಕಣ್ಣಿದ್ದವರು ಓದಿದರು. ಹುಡುಕಲು ಹೋದರೆ ಒಂದು ಪದವೂ ಸಿಗುತ್ತಿರಲಿಲ್ಲ.

ಕನ್ನಡದ ಕಷ್ಟ ಬೇರೆ ಬಗೆಯದು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು, ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟು ಇದ್ದ ಕಾಲವನ್ನು ಈ ಪುಟದ ಓದುಗರು ಮರೆತಿರಲಾರರು. ಆ ಫಾಂಟು ನಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಡಿ ಕಾಣುತ್ತಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಇತ್ತು. ಆದರೂ ಹಳೆಯ ಅಭ್ಯಾಸ ಹೋಗಲು ವರ್ಷಗಳು ಬೇಕಾದವು. ಉರ್ದುವಿಗೆ ಗೂಗಲ್ ಸಂಸ್ಥೆಯ ನೋಟೋ ನಸ್ತಾಲಿಕ್ ಉಚಿತವಾಗಿ ಸಿಕ್ಕಿದ್ದು 2014ರಲ್ಲಿ. ಇಂದು ಎರಡೂ ಭಾಷೆಗಳನ್ನು ಬರಹವಾಗಿಯೇ ಹಾಕಲು ಯಾವ ಅಡ್ಡಿಯೂ ಇಲ್ಲ. ಅಡ್ಡಿಯಿದ್ದ ಕಾಲದ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಬರಹಕ್ಕೂ ಚಿತ್ರಕ್ಕೂ ಇರುವ ಇನ್ನೊಂದು ವ್ಯತ್ಯಾಸ ಆ ಪಿಯುಸಿ ಹುಡುಗಿಯ ಮೊಬೈಲಿನಲ್ಲಿ ಕಂಡಿತ್ತು. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಉರ್ದುವಿನದಕ್ಕೆ 2 ಬೈಟ್ ಬೇಕು. ಸಾವಿರ ಸಂಕೇತಗಳ ಒಂದು ಕನ್ನಡ ನೋಟೀಸು ಎಂದರೆ ಸುಮಾರು 3 ಕಿಲೋಬೈಟ್. ಅದೇ ನೋಟೀಸಿನ ಫೋಟೋ ಮೊಬೈಲಿನಲ್ಲಿ ತೆಗೆದರೆ 3 ಮೆಗಾಬೈಟ್ ಆಗುವುದು ದೊಡ್ಡದೇನಲ್ಲ. ಅಂದರೆ ಸಾವಿರ ಪಟ್ಟು ಭಾರ. ಅಣ್ಣನ ಹಳೆಯ ಮೊಬೈಲಿನಲ್ಲಿ, ತಿಂಗಳ ಕೊನೆಗೆ ಮುಗಿಯುತ್ತ ಬಂದಿರುವ ಡಾಟಾದಲ್ಲಿ ನೋಡುವ ಹುಡುಗಿಯ ಮೇಲೆ ನಾವು ಆ ಭಾರವನ್ನೆಲ್ಲ ಹೊರಿಸುತ್ತೇವೆ. ಇದನ್ನು ಲೆಕ್ಕ ಹಾಕಿ ತೋರಿಸಿದಾಗ ಕಾರ್ಯದರ್ಶಿಗಳು ಕೂಡ ತಲೆದೂಗಿದರು.

ತಾಣವನ್ನು ಹೊಸದಾಗಿ ಕಟ್ಟುವಾಗ ಸಣ್ಣ ಸಣ್ಣ ಸಂಗತಿಗಳು ಎದುರಾದವು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲಕ್ಕೆ ಹೋಗುತ್ತದೆ. ಇಂಗ್ಲಿಷಿಗೆಂದು ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಓರೆಯಾಗಿ ಇಳಿಯುವ ನಸ್ತಾಲಿಕ್‌ಗೆ ಅದಕ್ಕಿಂತಲೂ ಹೆಚ್ಚು ಜಾಗ ಬೇಕು. ಅಂದವಾಗಿರಲಿ ಎಂದು ಅಕ್ಷರಗಳ ನಡುವೆ ಅಂತರ ಕೊಟ್ಟರೆ ಉರ್ದುವಿನಲ್ಲಿ ಕೊಂಡಿಯೇ ಕಳಚಿ ಪದ ಪದವಾಗಿ ಉಳಿಯುವುದಿಲ್ಲ. ಉರ್ದು ಬಲದಿಂದ ಎಡಕ್ಕೆ, ಆದರೆ ಅದರೊಳಗಿನ ಅಂಕಿಗಳು ಎಡದಿಂದ ಬಲಕ್ಕೆ. ಈ ಪುಟ ಬಲದಿಂದ ಎಡಕ್ಕೆ ಓದುವಂಥದು ಎಂದು ಕಂಪ್ಯೂಟರಿಗೆ ಮೊದಲೇ ಹೇಳದಿದ್ದರೆ ತಾರೀಖಿನ ದಿನ, ತಿಂಗಳು ಅದಲುಬದಲಾಗುವ ಸಂಭವವಿದೆ. ಯಾವ ಭಾಗ ಕನ್ನಡ, ಯಾವ ಭಾಗ ಉರ್ದು ಎಂದು ಒಳಗೆ ಗುರುತು ಹಾಕಬೇಕು. ಆ ಗುರುತು ಕಣ್ಣಿಗೆ ಕಾಣುವುದಿಲ್ಲ. ಓದಿ ಹೇಳುವ ಯಂತ್ರ ಮಾತ್ರ ಅದನ್ನು ನೋಡಿಕೊಂಡು ಕನ್ನಡಕ್ಕೆ ಕನ್ನಡದ ಧ್ವನಿ, ಉರ್ದುವಿಗೆ ಉರ್ದುವಿನ ಧ್ವನಿ ತೆಗೆಯುತ್ತದೆ.

ಓದಿ ಹೇಳುವ ಯಂತ್ರದ ಮಾತು ಬಂದಾಗ ಇದನ್ನೂ ಹೇಳಬೇಕು. ಕಂಪ್ಯೂಟರಿನಲ್ಲಿ ಪರದೆ ಓದುವ ತಂತ್ರಾಂಶಗಳು ದುಬಾರಿಯಾಗಿದ್ದ ಕಾಲದಲ್ಲಿ, 2006ರಲ್ಲಿ, ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಯುವಕ ಎನ್‌ವಿಡಿಎ ಎಂಬುದನ್ನು ಬರೆಯತೊಡಗಿದರು. ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣದು. ಅದನ್ನು ಜಗತ್ತಿಗೆಲ್ಲ ಉಚಿತವಾಗಿ ಕೊಟ್ಟರು. ನಮ್ಮ ಹಾಫಿಜರ ಕಾಲೇಜಿನ ಕಂಪ್ಯೂಟರಿನಲ್ಲಿ ಇರುವುದೂ ಅದೇ. ಎಲ್ಲೋ ದೂರದಲ್ಲಿ ಕುಳಿತ ಇಬ್ಬರು ಇಷ್ಟು ಮಾಡಿಕೊಟ್ಟ ಮೇಲೂ ನಾವು ನೋಟೀಸನ್ನು ಟೈಪು ಮಾಡದೆ ಫೋಟೋ ಹೊಡೆದು ಹಾಕಿದರೆ ಆ ಯಂತ್ರ 'ಚಿತ್ರ' ಎನ್ನದೆ ಇನ್ನೇನು ಹೇಳೀತು?

ಆಮೇಲೆ ಭಾಷೆಯ ಪ್ರಶ್ನೆ. ಮೊದಲ ನೋಟೀಸಿನಲ್ಲಿ ಹೀಗಿತ್ತು: 'ಸದರಿ ಯೋಜನೆಯಡಿ ಅರ್ಹ ಫಲಾನುಭವಿಗಳು ನಿಗದಿತ ನಮೂನೆಯಲ್ಲಿ ಆವೇದನೆಗಳನ್ನು ಸೂಕ್ತ ಲಗತ್ತುಗಳೊಂದಿಗೆ ಅಂತಿಮ ದಿನಾಂಕದೊಳಗಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.' ಬೇಕರಿಯ ತಂದೆಗೆ ಇದನ್ನು ಓದಿ ಹೇಳಿದಾಗ 'ಅಂದ್ರೆ ನಮ್ಮ ಹುಡುಗನಿಗೆ ಸಿಗ್ತದಾ ಇಲ್ವಾ?' ಎಂದು ಕೇಳಿದರು. ಇದರ ಉರ್ದು ಅನುವಾದ ಖಾಲಾ ಅವರಿಗೂ ಕಬ್ಬಿಣದ ಕಡಲೆಯಾಗಿತ್ತು. ಅರಬ್ಬಿ, ಪಾರ್ಸಿಯ ಭಾರದ ಪದಗಳನ್ನು ಹುಡುಕಿ ಹುಡುಕಿ ತುಂಬಲಾಗಿತ್ತು. ಎರಡು ಭಾಷೆಗಳೂ ಅಂಗಿ ತೊಟ್ಟು, ಟೋಪಿ ಇಟ್ಟು ಸಭೆಗೆ ಬಂದಂತಿದ್ದವು. ಮನೆಯ ಭಾಷೆ ಎರಡರಲ್ಲೂ ಇರಲಿಲ್ಲ.

ಗೌಡ್ರು ಮೂವತ್ತೈದು ವರ್ಷ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟವರು. ಪೆನ್ನು ತೆಗೆದು ನಮ್ಮೆದುರೇ ಬರೆದರು: 'ಯಾರು ಅರ್ಜಿ ಹಾಕಬಹುದು. ಕೊನೆಯ ತಾರೀಖು. ಜೊತೆಗೆ ಇಡಬೇಕಾದ ಕಾಗದಗಳು. ಅರ್ಜಿ ಎಲ್ಲಿ ಕೊಡಬೇಕು. ರಸೀದಿ ತಪ್ಪದೆ ಕೇಳಿ ಪಡೆಯಿರಿ.' ನಾವು ಅದನ್ನು ಉರ್ದುವಿಗೆ ಮಾಡಲು ಕುಳಿತರೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಅರ್ಜಿ, ತಾರೀಖು, ಕಾಗದ, ರಸೀದಿ. ಎಲ್ಲವೂ ಎರಡು ಭಾಷೆಗೂ ಸೇರಿದ ಪದಗಳು. ಜಿಲ್ಲೆ, ತಾಲ್ಲೂಕು, ದಾಖಲೆ, ಹಾಜರಿ, ವಸೂಲಿ ಕೂಡ ಹಾಗೆಯೇ. ಅರಬ್ಬಿ, ಪಾರ್ಸಿಯಿಂದ ಆಡಳಿತದ ಬಾಗಿಲಿನಿಂದ ಬಂದು, ಹಳ್ಳಿಯ ರೈತನ ಬಾಯಲ್ಲಿ ನೆಲೆಸಿ ಕನ್ನಡವೇ ಆಗಿಹೋದ ಪದಗಳಿವು. ಇವನ್ನು ತೆಗೆದು 'ಆವೇದನೆ', 'ಸ್ವೀಕೃತಿ' ಹಾಕಿದವರು ಕನ್ನಡವನ್ನು ಶುದ್ಧ ಮಾಡಿದೆವು ಎಂದುಕೊಂಡಿರಬಹುದು. ಆದರೆ ಆ ಶುದ್ಧಿಯಿಂದ ಬಾಗಿಲಾಚೆ ನಿಂತವರಲ್ಲಿ ಗೌಡ್ರ ಊರಿನ ರೈತನೂ ಇದ್ದಾನೆ, ನಮ್ಮ ಖಾಲಾನೂ ಇದ್ದಾರೆ. ಸುಲಭವಾದ ಪದ ಹುಡುಕಲು ಹೊರಟರೆ ನಮ್ಮೆರಡು ಭಾಷೆಗಳು ಒಂದೇ ಅಂಗಳದಲ್ಲಿ ಸಿಗುತ್ತವೆ ಎಂಬುದು ಆ ದಿನದ ದೊಡ್ಡ ಲಾಭ.

ಸರಳ ಭಾಷೆ ಎಂದರೆ ದಡ್ಡರಿಗೆಂದು ಬರೆಯುವುದು ಎಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಬ್ರಿಟನ್ ಸರ್ಕಾರ ತನ್ನ ಇಲಾಖೆಗಳ ಚದುರಿದ ತಾಣಗಳನ್ನು ಕ್ರಮೇಣ ಒಂದೆಡೆ ತರುವ ಜಾಲತಾಣವನ್ನು 2012ರಲ್ಲಿ ತೆರೆದಾಗ, ಬಳಸುವವರ ಅಗತ್ಯದಿಂದ ಕೆಲಸ ಶುರುವಾಗಬೇಕು, ಇಲಾಖೆಯ ಅಗತ್ಯದಿಂದಲ್ಲ ಎಂಬುದನ್ನು ಮೊದಲ ನಿಯಮ ಮಾಡಿಕೊಂಡಿತು. ವಕೀಲರೂ ವೈದ್ಯರೂ ಅದೇ ಪುಟವನ್ನು ಓದುತ್ತಾರೆ. ಅವರಿಗೂ ಸಮಯ ಉಳಿಯುತ್ತದೆ, ಅಷ್ಟೆ. ಆಸ್ಪತ್ರೆಯ ಬಾಗಿಲಲ್ಲಿ ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ಮಾಡಿದರೆ ಗಾಲಿಕುರ್ಚಿಯವರ ಜೊತೆಗೆ ಮಗುವಿನ ಗಾಡಿ ತಳ್ಳುವ ತಾಯಿಗೂ ಅನುಕೂಲವಾಗುತ್ತದಲ್ಲ, ಇದೂ ಹಾಗೆ.

ಇನ್ನು ಹೆಸರಿನ ತಾಪತ್ರಯ. ವಾಚನಾಲಯದ ಸದಸ್ಯತ್ವದ ಅರ್ಜಿಯಲ್ಲಿ 'ಮೊದಲ ಹೆಸರು', 'ಕೊನೆಯ ಹೆಸರು' ಎಂಬ ಎರಡು ಖಾನೆಗಳಿದ್ದವು, ಎರಡನ್ನೂ ತುಂಬದೆ ಮುಂದೆ ಹೋಗುವಂತಿರಲಿಲ್ಲ. ಪಿಯುಸಿ ಹುಡುಗಿ ಅಲ್ಲಿಗೆ ಬಂದು ನಿಂತುಬಿಟ್ಟಳು. ಅವಳಿಗಿರುವುದು ಒಂದೇ ಹೆಸರು. ಹಿಂದೊಮ್ಮೆ ಬೇರೊಂದು ಕಡೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಕೊನೆಯ ಹೆಸರಿನ ಖಾನೆಯಲ್ಲಿ ತಂದೆಯ ಹೆಸರು ತುಂಬಿದ್ದಳಂತೆ. ಬ್ಯಾಂಕಿನ ಪುಸ್ತಕದಲ್ಲಿ ಒಂದೇ ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಸೇರಿದ ಹೆಸರು. 'ಹೆಸರು ತಾಳೆಯಾಗುತ್ತಿಲ್ಲ' ಎಂದು ಅರ್ಜಿ ವಾಪಸ್ ಬಂತು. ತಿದ್ದಿಸಲು ಅಬ್ಬಾ ಮೂರು ದಿನದ ಕೂಲಿ ಬಿಟ್ಟು ಓಡಾಡಿದರು ಎಂದು ಹೇಳುವಾಗ ಅವಳು ನೆಲ ನೋಡುತ್ತಿದ್ದಳು. ನಮ್ಮಲ್ಲಿ ಮುಹಮ್ಮದ್ ಎಂಬ ಒಂದು ಹೆಸರನ್ನೇ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ನೋಡಿ: ಮೊಹಮ್ಮದ್, ಮಹಮ್ಮದ್, ಮೊಹಮೆಡ್, ಎಂಡಿ ಎಂಬ ಎರಡೇ ಅಕ್ಷರ. ಒಂದೇ ಮನುಷ್ಯನಿಗೆ ನಾಲ್ಕು ಕಾಗದಗಳಲ್ಲಿ ನಾಲ್ಕು ಹೆಸರು ಇರುವುದು ಅವನ ತಪ್ಪಲ್ಲ, ಬರೆದುಕೊಂಡ ನಾಲ್ವರು ಗುಮಾಸ್ತರ ಕಿವಿಯ ವ್ಯತ್ಯಾಸ.

ಇದು ಮುಸ್ಲಿಮರ ಕಷ್ಟ ಮಾತ್ರ ಎಂದು ನಾವು ತಿಳಿದಿದ್ದೆವು. ಗೌಡ್ರು ನಕ್ಕು, ತಮ್ಮ ಹೆಸರಿನ ಮುಂದಿರುವ ಎರಡು ಅಕ್ಷರಗಳಲ್ಲಿ ಒಂದು ಊರು, ಒಂದು ಅಪ್ಪ. ಅಮೆರಿಕದಲ್ಲಿರುವ ಮಗನಿಗೆ ಅಲ್ಲಿಯ ಕಾಗದಗಳಲ್ಲಿ ಅಪ್ಪನ ಹೆಸರೇ ಮನೆತನದ ಹೆಸರಾಗಿಬಿಟ್ಟಿದೆ, ಎಲ್ಲರೂ ಅವನನ್ನು ಅಪ್ಪನ ಹೆಸರಿನಿಂದ ಕೂಗುತ್ತಾರೆ ಎಂದರು. ಜಾಲದ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಈ ವಿಷಯದಲ್ಲಿ ಕೊಟ್ಟ ಸಲಹೆ ಸರಳವಾಗಿದೆ: ಅಗತ್ಯವಿಲ್ಲದಿದ್ದರೆ ಹೆಸರನ್ನು ತುಂಡು ಮಾಡಬೇಡಿ, ಪೂರ್ತಿ ಹೆಸರಿಗೆ ಒಂದೇ ಖಾನೆ ಕೊಡಿ. ನಮ್ಮ ಅರ್ಜಿಯಲ್ಲಿ ಈಗ 'ನಿಮ್ಮ ಹೆಸರು' ಎಂಬ ಒಂದೇ ಖಾನೆಯಿದೆ. ನೋಟೀಸು ಓದಲು, ಪುಸ್ತಕ ಹುಡುಕಲು ಹೆಸರನ್ನೇ ಕೇಳುವುದಿಲ್ಲ.

ಇದೆಲ್ಲ ಉಪಕಾರವೋ, ಕರ್ತವ್ಯವೋ? ಈ ಪ್ರಶ್ನೆಗೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಮೊದಲ ಜಾಲತಾಣವನ್ನು ತೆರೆದಾಗ ಅದರಲ್ಲಿದ್ದದ್ದು ಬರಿಯ ಬರಹ ಮತ್ತು ಕೊಂಡಿಗಳು. ಅವರು ಕೆಲಸ ಮಾಡುತ್ತಿದ್ದ ಜಿನೀವಾದ ಸೆರ್ನ್ ಸಂಸ್ಥೆ 1993ರಲ್ಲಿ ಆ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಅಂಗವಿಕಲರಿಗೂ ತಾಣಗಳು ದಕ್ಕುವಂತೆ ಮಾಡುವ ಮಾರ್ಗಸೂಚಿ ಮೊದಲು 1999ರಲ್ಲಿ ಬಂತು, 2008ರಲ್ಲಿ ಹೊಸದಾಯಿತು, 2018 ಮತ್ತು 2023ರಲ್ಲಿ ಮತ್ತಷ್ಟು ಬೆಳೆಯಿತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರ ಇರಬೇಕು, ಚಿತ್ರಕ್ಕೆ ಅದರ ಅರ್ಥ ಹೇಳುವ ಬರಹ ಇರಬೇಕು, ತಾನಾಗಿಯೇ ಓಡುವುದನ್ನು ನಿಲ್ಲಿಸುವ ಅವಕಾಶ ಇರಬೇಕು ಎಂದೆಲ್ಲ ಅದರಲ್ಲಿದೆ. ಖಾಲಾ, ಬೇಕರಿಯ ತಂದೆ, ಹಾಫಿಜರು ಒಂದೇ ಭಾನುವಾರದಲ್ಲಿ ಹೇಳಿದ್ದೂ ಇದನ್ನೇ. ಅವರಾರೂ ಆ ಮಾರ್ಗಸೂಚಿಯನ್ನು ಓದಿದವರಲ್ಲ.

ನಮ್ಮ ದೇಶದಲ್ಲಿ ಸರ್ಕಾರಿ ತಾಣಗಳಿಗೆ 2009ರಿಂದ ಇಂಥ ಮಾರ್ಗಸೂಚಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾಹಿತಿ ದಕ್ಕುವುದು ಹಕ್ಕಾಗಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಕ್ಕಳು ಬ್ಯಾಂಕಿನ ಗುರುತು ಪರಿಶೀಲನೆಯಲ್ಲಿ 'ಕಣ್ಣು ಮಿಟುಕಿಸಿ' ಎಂದರೆ ಮಿಟುಕಿಸುವುದು ಹೇಗೆ? ರೆಪ್ಪೆಯೇ ಸುಟ್ಟುಹೋಗಿರುವಾಗ? ಅವರೂ, ದೃಷ್ಟಿಯಿಲ್ಲದವರೂ ಕೇಳಿದ ನ್ಯಾಯಕ್ಕೆ ಉತ್ತರವಾಗಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. 20 ನಿರ್ದೇಶನಗಳನ್ನೂ ಕೊಟ್ಟಿತು. ಗ್ರಾಮೀಣರು, ವೃದ್ಧರು, ಬಡವರು, ಭಾಷಿಕ ಅಲ್ಪಸಂಖ್ಯಾತರು ಹೊರಗುಳಿಯುವುದನ್ನೂ ಆ ತೀರ್ಪು ಗಮನಿಸಿದೆ.

ಆದರೆ ಕಾಯ್ದೆಯನ್ನು ಓದಿ ಹೇಳಿದರೆ ಕಮಿಟಿಗಳು ಬದಲಾಗುವುದಿಲ್ಲ. ಹೊಸ ತಾಣದ ಮೊದಲ ಪುಟದಲ್ಲಿ ನಾಲ್ಕೇ ಸಾಲುಗಳಿದ್ದವು: ಈ ತಿಂಗಳ ಕೊನೆಯ ತಾರೀಖುಗಳು, ಪುಸ್ತಕ ಹುಡುಕಿ, ವಾಚನಾಲಯದ ಸಮಯ, ನಮ್ಮನ್ನು ಕೇಳಿ. ಬಿಳಿಯ ಮೇಲೆ ಕಪ್ಪು. ಕಾರ್ಯದರ್ಶಿಗಳು ಬಹಳ ಹೊತ್ತು ನೋಡಿ, 'ಅಧ್ಯಕ್ಷರ ಫೋಟೋ ಇಲ್ಲದಿದ್ದರೆ ಇದು ಯಾರ ತಾಣ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?' ಎಂದು ಕೇಳಿದರು. ಸಭೆ ಮೌನವಾಯಿತು. ನಾವು ಏನು ಹೇಳಿದರೂ ಅಧ್ಯಕ್ಷರಿಗೆ ಅವಮಾನವಾದಂತಾಗುತ್ತಿತ್ತು. ಆಗ ಖಾಲಾ, 'ಭಾಯಿಜಾನ್, ನಿಮ್ಮ ಮನೆಗೆ ಯಾರಾದರೂ ಹಸಿದು ಬಂದರೆ ಮೊದಲು ದಸ್ತರಖಾನ್ ಹಾಸ್ತೀರೋ, ಮದುವೆಯ ಆಲ್ಬಮ್ ತೋರಿಸ್ತೀರೋ?' ಎಂದರು. ಮೊದಲು ನಕ್ಕವರು ಅಧ್ಯಕ್ಷರೇ. ಈಗ ಅವರ ಫೋಟೋ 'ನಮ್ಮ ಬಗ್ಗೆ' ಎಂಬ ಪುಟದಲ್ಲಿದೆ, ಸಣ್ಣದಾಗಿ. ಅದರ ಹಿಂದೆ ಓದುವ ಯಂತ್ರಕ್ಕಾಗಿ ಒಂದು ಸಾಲು ಬರೆದಿದ್ದೇವೆ: ವಾಚನಾಲಯದ ಅಧ್ಯಕ್ಷರು, ಪುಸ್ತಕದ ಬೀರುವಿನ ಮುಂದೆ ನಿಂತಿದ್ದಾರೆ.

ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಎರಡನೇ ಸಲ ಐದು ಜನರನ್ನು ಕೂರಿಸಿದಾಗ ಬೇರೆ ತೊಡಕುಗಳು ಹೊರಬಂದವು. ಬೆರಳು ದಪ್ಪನೆಯ ಗಾರೆ ಕೆಲಸದವರೊಬ್ಬರು ಒಂದು ಗುಂಡಿ ಒತ್ತಲು ಹೋಗಿ ಪಕ್ಕದ್ದನ್ನು ಒತ್ತುತ್ತಿದ್ದರು. ಗುಂಡಿಗಳನ್ನು ದೊಡ್ಡದು ಮಾಡಬೇಕಾಯಿತು. 'ನಮ್ಮನ್ನು ಕೇಳಿ' ಎಂಬಲ್ಲಿ ಹಾಕಿರುವ ಫೋನಿಗೆ ಉತ್ತರ ಕೊಡಲು ಸಂಜೆ ಒಬ್ಬರು ಇರಲೇಬೇಕು. ಎಷ್ಟೇ ಒಳ್ಳೆಯ ತಾಣವಾದರೂ ಆ ಮನುಷ್ಯನ ಜಾಗವನ್ನು ತುಂಬುವುದಿಲ್ಲ. ತಾರೀಖು ಮುಗಿದ ನೋಟೀಸನ್ನು ಆ ದಿನವೇ ತೆಗೆಯುವ ಜವಾಬ್ದಾರಿ ಪಿಯುಸಿ ಹುಡುಗಿಯದು. ಅವಳು ಈಗ ಕಮಿಟಿಯ ಸಭೆಗೂ ಬರುತ್ತಾಳೆ, ಮೆಟ್ಟಿಲ ಮೇಲೆ ಕೂರುವವರು ಎದ್ದು ದಾರಿ ಬಿಡುತ್ತಾರೆ.

ಉರ್ದು ಪುಸ್ತಕಗಳ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ಹಳೆಯ ಪಟ್ಟಿ ಕೈಬರಹದಲ್ಲಿದೆ, ಅದರ ಫೋಟೋ ಹಾಕಿದರೆ ಒಂದು ದಿನದ ಕೆಲಸ. ಹಾಕಿಲ್ಲ. ಖಾಲಾ ಓದಿ ಹೇಳುತ್ತಾರೆ, ಇಬ್ಬರು ಹುಡುಗರು ವಾರಕ್ಕೆ ಎರಡು ಸಂಜೆ ಕುಳಿತು ಟೈಪು ಮಾಡುತ್ತಾರೆ. ಸಾವಿರದ ನೂರು ಪುಸ್ತಕಗಳಲ್ಲಿ ಇದುವರೆಗೆ ಮುನ್ನೂರು ಮುಗಿದಿವೆ. ಕನ್ನಡದ ಪಟ್ಟಿ ಮುಗಿದ ವಾರ ಹಾಫಿಜರು ಫೋನು ಮಾಡಿ, ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡೆ ಎಂದರು. 'ಇಷ್ಟು ಕಾದಂಬರಿಗಳು ನಮ್ಮ ತಲೆಯ ಮೇಲೇ ಇದ್ದವು ಅಂತ ಗೊತ್ತೇ ಇರಲಿಲ್ಲ' ಎಂದು ನಕ್ಕರು. ಅವರ ಕೋಣೆ ವಾಚನಾಲಯದ ಕೆಳಗಿನ ಮಳಿಗೆಯ ಹಿಂದೆಯೇ ಇದೆ. ಈಗ ಗೌಡ್ರು ಗುರುವಾರ ಸಂಜೆ ಅವರಿಗೆ ಒಂದು ಅಧ್ಯಾಯ ಓದಿ ಹೇಳುತ್ತಾರೆ.